ಕಡತ ಮುಚ್ಚುವ ಹೊತ್ತು

ರೇಡಿಯೋ ಇಟ್ಟುಕೊಂಡವರಿಗೆ ಒಂದು ಸುಖವುಂಟು. ರಾತ್ರಿಯ ಕಡೆಯ ವಾರ್ತೆಯನ್ನು ಕೇಳಿ ಗುಂಡಿಯನ್ನು ತಿರುಗಿಸಿದರೆ ಮುಗಿಯಿತು, ಪೆಟ್ಟಿಗೆ ಮೌನವಾಗುತ್ತದೆ. ನಡುವೆ ವಿದ್ಯುತ್ತು ಹೋದರೂ ಕಳೆದುಕೊಂಡದ್ದು ಹಾಡಿನ ಒಂದು ಚರಣ ಮಾತ್ರ. ವಿದ್ಯುತ್ತು ಮರಳಿದಾಗ ರೇಡಿಯೋ ನಿನ್ನೆಯ ಮಾತೆತ್ತುವುದಿಲ್ಲ. ಅದಕ್ಕೆ ನೆನಪೆಂಬುದೇ ಇಲ್ಲ.

ಅದೇ ಮನೆಯ ಮೇಜಿನ ಮೇಲೆ ಈಗ ಬಂದು ಕುಳಿತಿರುವ ಕಂಪ್ಯೂಟರಿನ ರೀತಿ ಬೇರೆ. ಅದನ್ನು ಆರಿಸಬೇಕಾದರೆ ಅದರ ಅಪ್ಪಣೆಯನ್ನೇ ಕೇಳಬೇಕು. ಕೇಳಿದರೂ ಒಮ್ಮೊಮ್ಮೆ ಅದು ಒಪ್ಪುವುದಿಲ್ಲ. ಇನ್ನೂ ಕೆಲಸ ಉಳಿದಿದೆ, ತಾಳಿ ಎಂಬರ್ಥದ ಒಂದು ಸಾಲನ್ನು ತೆರೆಯ ಮೇಲೆ ತೋರಿಸಿ ಸುಮ್ಮನಾಗುತ್ತದೆ. ತಾಳ್ಮೆಗೆಟ್ಟವರು ಗುಂಡಿಯನ್ನು ಬಲವಾಗಿ ಒತ್ತಿ ಹಿಡಿಯುತ್ತಾರೆ. ಇಲ್ಲವೆ ನಮ್ಮ ಹೆಗ್ಗಡದೇವನಕೋಟೆಯ ಕಡೆ ಆಷಾಢದ ಗಾಳಿಯೇ ಆ ಕೆಲಸವನ್ನು ಮಾಡಿಬಿಡುತ್ತದೆ. ಮಾರನೆಯ ಬೆಳಿಗ್ಗೆ ಯಂತ್ರ, ನಿನ್ನೆ ತನ್ನನ್ನು ಸರಿಯಾಗಿ ಮುಚ್ಚಲಿಲ್ಲವೆಂದು ದೂರುತ್ತದೆ. ಈ ದೂರಿಗೆ ಐವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ವಾಚಕರ ಮುಂದೆ ಅದನ್ನಿಷ್ಟು ಬಿಡಿಸಿಡುವುದು ಈ ಲೇಖನದ ಉದ್ದೇಶ.

ಕಂಪ್ಯೂಟರಿನಲ್ಲಿ ಬರೆದಿಟ್ಟದ್ದನ್ನು ಕನ್ನಡದಲ್ಲಿ ‘ಕಡತ’ ಎಂದು ಕರೆಯುವ ರೂಢಿ ಬಂದಿದೆ. ಇದು ಬಹಳ ಸಾರ್ಥಕವಾದ ಹೆಸರು. ಕಡತವೆಂದೊಡನೆ ಇಂದಿನವರ ಮನಸ್ಸಿಗೆ ಬರುವುದು ಕಛೇರಿಯಲ್ಲಿ ದಾರ ಕಟ್ಟಿಟ್ಟ ಕಾಗದದ ಕಟ್ಟು. ಮೂಲದಲ್ಲಿ ಅದು ಬಟ್ಟೆ. ಹತ್ತಿಯ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಅಚ್ಚಾದ ತನ್ನ ಚರಿತ್ರೆಯ ಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ: ೮ ಅಂಗುಲದಿಂದ ೧ ಅಡಿಯವರೆಗೆ ಅಗಲ, ೧೨ರಿಂದ ೧೮ ಅಡಿ ಉದ್ದ. ಶೃಂಗೇರಿ ಮಠದ ಕಡತಗಳು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದವು. ಹಳ್ಳಿಗಳಲ್ಲಿ ಕಡತ ಶಾನುಭೋಗರ ಕೈಯ ವಸ್ತು; ಊರಿನ ಲೆಕ್ಕವೆಲ್ಲ ಅದರ ಮಡಿಕೆಗಳಲ್ಲಿತ್ತು.

ಕಡತದ ಗುಣವೂ ದೋಷವೂ ಒಂದೇ: ಅದನ್ನು ಅಳಿಸಿ ಬರೆಯಬಹುದು. ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಅಣ್ಣನೊಬ್ಬ ತಮ್ಮನಿಗೆ ಎರಡೆಕರೆ ಹೊಲ ಬಿಟ್ಟುಕೊಟ್ಟನೆನ್ನಿ. ಲೆಕ್ಕ ಬರೆಯುವವನಿಗೆ ಆಗ ಮೂರು ಕೆಲಸ. ಅಣ್ಣನ ಹೆಸರಿನಿಂದ ಎರಡೆಕರೆ ತೆಗೆಯಬೇಕು, ತಮ್ಮನ ಹೆಸರಿಗೆ ಬರೆಯಬೇಕು, ಕೆಳಗಿನ ಮೊತ್ತಗಳನ್ನು ತಿದ್ದಬೇಕು. ಮೊದಲನೆಯದು ಮುಗಿದು ಎರಡನೆಯದು ಆಗುವ ಮುನ್ನ ದೀಪ ಆರಿಹೋಯಿತು. ಬರೆಯುವವನು ಅಲ್ಲಿಂದೆದ್ದು ಹೋದ. ಈಗ ಆ ಎರಡೆಕರೆ ಯಾರದು? ಕಡತದ ಪ್ರಕಾರ ಯಾರದೂ ಅಲ್ಲ. ತಮ್ಮನ ಹೆಸರಿಗೆ ಮೊದಲು ಬರೆದು, ಅಣ್ಣನದನ್ನು ಅಳಿಸುವ ಮುನ್ನ ದೀಪ ಆರಿದ್ದರೆ? ಆಗ ಅದು ಇಬ್ಬರದೂ. ಬರೆದವನ ಮನಸ್ಸಿನಲ್ಲಿ ಸುಳ್ಳಿರಲಿಲ್ಲ, ಕೈಯಲ್ಲಿ ತಪ್ಪಿರಲಿಲ್ಲ. ಕೆಲಸ ಅರ್ಧಕ್ಕೆ ನಿಂತದ್ದೇ ಕೇಡಾಯಿತು. ಕಂಪ್ಯೂಟರಿನ ಕಡತವ್ಯವಸ್ಥೆಯ ಕೇಡೂ ಇಷ್ಟೇ, ಇಂಥದೇ.

ಅಲ್ಲಿಯೂ ಒಂದು ಕಡತ ಹುಟ್ಟಬೇಕಾದರೆ ಮೂರು ಕಡೆ ಬರೆಯಬೇಕು. ಹೆಸರಿನ ಪಟ್ಟಿಯಲ್ಲಿ ಅದರ ಹೆಸರು; ಅದರ ಉದ್ದ, ಒಡೆಯ, ಇರುವ ಜಾಗಗಳನ್ನು ಹೇಳುವ ಒಂದು ಚಿಕ್ಕ ದಾಖಲೆ, ಕಡತದ ಜಾತಕವೆನ್ನಬಹುದಾದ ‘ಐನೋಡ್’; ಯಾವ ಜಾಗ ಖಾಲಿ, ಯಾವುದು ತುಂಬಿದೆ ಎಂಬ ನಕ್ಷೆ. ಇದರ ಮೇಲೆ ಇನ್ನೊಂದು ತೊಡಕು. ಸುತ್ತುವ ಹಳೆಯ ಬಗೆಯ ಡಿಸ್ಕಿನ ಮೇಲೆ ಬರೆಯಲು ಒಂದು ತೋಳು ಸರಿಯಾದ ಜಾಗಕ್ಕೆ ಸರಿಯಬೇಕು; ಅದಕ್ಕೆ ಸೆಕೆಂಡಿನ ಸಾವಿರದ ಕೆಲವು ಭಾಗ ಹಿಡಿಯುತ್ತದೆ. ಯಂತ್ರದ ಒಳನೆನಪಿಗೆ ಆ ಕಾಲ ಒಂದು ಯುಗ. ಎರಡಕ್ಕೂ ಸುಮಾರು ಲಕ್ಷ ಪಟ್ಟಿನ ಅಂತರ. ಆದ್ದರಿಂದ ನಾವು ಬರೆದದ್ದನ್ನು ಯಂತ್ರ ಮೊದಲು ನೆನಪಿನಲ್ಲಿ ಇಟ್ಟುಕೊಂಡು, ಬಿಡುವಾದಾಗ ಡಿಸ್ಕಿಗೆ ಇಳಿಸುತ್ತದೆ. ಆ ನೆನಪೋ ವಿದ್ಯುತ್ತಿರುವ ತನಕ ಮಾತ್ರ ಬಾಳತಕ್ಕದ್ದು. ನೆನಪಿನಲ್ಲಿರುವುದನ್ನೆಲ್ಲ ಇಳಿಸಿ, ಲೆಕ್ಕ ಸರಿಹೊಂದಿಸಿ, ‘ಶುದ್ಧವಾಗಿ ಮುಚ್ಚಿದೆ’ ಎಂದು ಡಿಸ್ಕಿನ ಮೇಲೆ ಒಂದು ಗುರುತು ಹಾಕುವ ಕೆಲಸಕ್ಕೆ ಅನ್‌ಮೌಂಟ್ ಎಂದು ಹೆಸರು.

ಈ ಹೆಸರು ಹಳೆಯ ಯಂತ್ರಶಾಲೆಗಳಿಂದ ಬಂದದ್ದು. ಅಲ್ಲಿ ಟೇಪಿನ ಸುರುಳಿಗಳನ್ನೂ ಡಿಸ್ಕಿನ ಕಟ್ಟುಗಳನ್ನೂ ಆಳುಗಳು ಎತ್ತಿ ತಂದು ಯಂತ್ರದ ಮೇಲೆ ಏರಿಸುತ್ತಿದ್ದರು, ಕೆಲಸ ಮುಗಿದಮೇಲೆ ಇಳಿಸುತ್ತಿದ್ದರು. ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚೀ ಇವರು ೧೯೬೯ರಲ್ಲಿ ತೊಡಗಿ ಕಟ್ಟಿದ ಯೂನಿಕ್ಸ್ ಎಂಬ ವ್ಯವಸ್ಥೆಯ ಮೊದಲ ಕೈಪಿಡಿ ೧೯೭೧ರ ನವೆಂಬರ್ ೩ರ ತಾರೀಖನ್ನು ಹೊತ್ತಿದೆ. ಏರಿಸುವ ಅಪ್ಪಣೆಯೂ ಇಳಿಸುವ ಅಪ್ಪಣೆಯೂ ಆಗಲೇ ಅದರಲ್ಲಿದ್ದವು. ಇಳಿಸುವ ಅಪ್ಪಣೆಯ ಇಂಗ್ಲಿಷ್ ಕಾಗುಣಿತದಲ್ಲಿ ನಡುವಣ ಒಂದು ನಕಾರ ಬಿಟ್ಟುಹೋಗಿ ಅದು ‘ಯುಮೌಂಟ್’ ಆಗಿದೆ. ಇಂದಿಗೂ ಹಾಗೆಯೇ ಉಳಿದಿದೆ. ವ್ಯಾಕರಣದ ಯಾವ ಲೋಪಸಂಧಿಯೂ ಇದಕ್ಕೆ ಸಮಾಧಾನ ಹೇಳಲಾರದು!

ಆ ಕಾಲದ ಯೂನಿಕ್ಸಿನಲ್ಲಿ ನೆನಪನ್ನು ಡಿಸ್ಕಿಗೆ ಇಳಿಸಲು ‘ಸಿಂಕ್’ ಎಂಬ ಅಪ್ಪಣೆಯಿತ್ತು. ಮೂವತ್ತು ಸೆಕೆಂಡಿಗೊಮ್ಮೆ ಅದನ್ನು ತಾನಾಗಿ ಕೊಡುವ ಒಂದು ಕಾವಲು ಕಾರ್ಯಕ್ರಮವೂ ಇತ್ತು. ಆದರೆ ಸಿಂಕ್ ‘ಆಯಿತು’ ಎಂದು ಮರಳಿದರೆ, ಬರೆದು ಮುಗಿಯಿತೆಂದು ಅರ್ಥವಲ್ಲ, ಬರೆಯಲು ಹೇಳಿಯಾಯಿತೆಂದು ಮಾತ್ರ ಅರ್ಥ. ಆದಕಾರಣ ಯಂತ್ರವನ್ನು ಆರಿಸುವ ಮುನ್ನ ಆ ಅಪ್ಪಣೆಯನ್ನು ಮೂರು ಸಾಲಾಗಿ ಮೂರು ಸಲ ಬರೆಯುವ ರೂಢಿ ಹುಟ್ಟಿತು. ಎರಡನೆಯ, ಮೂರನೆಯ ಸಲಕ್ಕೆ ವಿಶೇಷ ಮಹಿಮೆಯೇನೂ ಇಲ್ಲ. ಬೆರಳು ಅದನ್ನು ಬರೆಯುವಷ್ಟರಲ್ಲಿ ಡಿಸ್ಕಿಗೆ ತನ್ನ ಕೆಲಸ ಮುಗಿಸಲು ಪುರುಸೊತ್ತು ಸಿಗುತ್ತಿತ್ತು, ಅಷ್ಟೆ. ಮುಂದೆ ಕಾರಣ ಮರೆತು ಆಚಾರ ಉಳಿಯಿತು. ಇದು ನಮಗೆ ಅಪರಿಚಿತವಾದ ಸಂಗತಿಯಲ್ಲ.

ಇಷ್ಟು ಮಾಡಿದರೂ ವಿದ್ಯುತ್ತು ಹೋದರೆ ಏನು ಗತಿ? ಮೊದಮೊದಲು ಬೇರೆ ಬೇರೆ ಚಿಕ್ಕ ಪರೀಕ್ಷಕ ಕಾರ್ಯಕ್ರಮಗಳನ್ನು ಓಡಿಸಿ, ದೋಷವನ್ನು ಕೈಯಿಂದಲೇ ತಿದ್ದುತ್ತಿದ್ದರು. ೧೯೭೦ರ ದಶಕದ ಕೊನೆಯ ಹೊತ್ತಿಗೆ ಬೆಲ್ ಪ್ರಯೋಗಶಾಲೆಯ ಟೆಡ್ ಕೋವಾಲ್ಸ್ಕಿ ಎಂಬಾತ ಆ ಪರೀಕ್ಷೆಗಳನ್ನೆಲ್ಲ ಒಂದುಗೂಡಿಸಿ ‘ಎಫ್‌ಎಸ್‌ಸಿಕೆ’ ಎಂಬ ಕಾರ್ಯಕ್ರಮವನ್ನು ಬರೆದ. ಇದು ಜಮಾಬಂದಿಗೆ ಬಂದ ಅಧಿಕಾರಿಯ ಹಾಗೆ. ಪ್ರತಿಯೊಂದು ಹೆಸರನ್ನೂ ಜಾತಕವನ್ನೂ ಜಾಗವನ್ನೂ ಒಂದಕ್ಕೊಂದು ತಾಳೆ ನೋಡುತ್ತದೆ. ಎರಡು ಕಡತಗಳು ಒಂದೇ ಜಾಗವನ್ನು ತನ್ನದೆಂದರೆ ಹಿಡಿದುಹಾಕುತ್ತದೆ. ಜಾತಕವಿದ್ದೂ ಹೆಸರಿಲ್ಲದ ಅನಾಥ ಕಡತ ಸಿಕ್ಕಿದರೆ, ಕಳೆದು ಸಿಕ್ಕಿದವುಗಳಿಗೆಂದೇ ಮೀಸಲಾದ ಒಂದು ಮೂಲೆಯಲ್ಲಿ ಸಂಖ್ಯೆ ಹಚ್ಚಿ ಇಡುತ್ತದೆ. ವ್ಯವಸ್ಥೆ ಶುದ್ಧವಾಯಿತು, ಸರಿ. ಆದರೆ ಬರೆಯುವವನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಈ ಅಧಿಕಾರಿ ಅರಿಯಲಾರ. ಹೊಲ ತಮ್ಮನಿಗೆ ಸಲ್ಲಬೇಕಾಗಿತ್ತೆಂದು ಅವನಿಗೆ ಹೇಳುವವರಾರು? ಮೇಲಾಗಿ ಅವನು ಇಡೀ ಡಿಸ್ಕನ್ನು ಓದಬೇಕು. ಡಿಸ್ಕುಗಳು ದೊಡ್ಡವಾದಂತೆ ಈ ಪರೀಕ್ಷೆಗೆ ನಿಮಿಷಗಳು ಹೋಗಿ ಗಂಟೆಗಳು ಹಿಡಿದವು.

ನಮ್ಮ ಊರುಗಳ ಜನ ಈ ಪರೀಕ್ಷಾಧಿಕಾರಿಯನ್ನು ಕಂಡದ್ದು ವಿಂಡೋಸ್ ೯೮ರ ಕಾಲದಲ್ಲಿ. ಯಂತ್ರ ಸರಿಯಾಗಿ ಮುಚ್ಚದೆ ಆರಿಹೋಗಿದ್ದರೆ, ಮತ್ತೆ ಹೊತ್ತಿಸಿದಾಗ ನೀಲಿಯ ತೆರೆಯೊಂದು ಬಂದು ಸ್ಕ್ಯಾನ್‌ಡಿಸ್ಕ್ ತನ್ನ ತಪಾಸಣೆಯನ್ನು ನಡೆಸುತ್ತಿತ್ತು. ಆ ವ್ಯವಸ್ಥೆಯ ಎರಡನೆಯ ಆವೃತ್ತಿಗೆ ಒದಗಿದ ಒಂದು ವಿಪತ್ತು ವಿನೋದವಾಗಿದೆ. ಯಂತ್ರಗಳು ಎಷ್ಟು ಚುರುಕಾದುವೆಂದರೆ, ಡಿಸ್ಕು ತನ್ನೊಳಗೆ ಇಟ್ಟುಕೊಂಡಿದ್ದ ಕೊನೆಯ ಬರಹವನ್ನು ತಟ್ಟೆಯ ಮೇಲೆ ಇಳಿಸುವ ಮುನ್ನವೇ ವಿದ್ಯುತ್ತು ತಾನಾಗಿ ಕಡಿದುಹೋಗುತ್ತಿತ್ತು. ಬಳಕೆದಾರ ಕ್ರಮವನ್ನು ತಪ್ಪದೆ ಪಾಲಿಸಿದ್ದರೂ ಕಡತ ಕೆಡುತ್ತಿತ್ತು. ಮೈಕ್ರೋಸಾಫ್ಟಿನವರು ಹೊರತಂದ ಪರಿಹಾರವೇನು ಗೊತ್ತೆ? ಆರುವ ಮುನ್ನ ಸ್ವಲ್ಪ ಹೊತ್ತು ಕಾಯುವಂತೆ ಯಂತ್ರಕ್ಕೆ ಕಲಿಸಿದ್ದು. ಸಿಂಕನ್ನು ಮೂರು ಸಲ ಬರೆದ ಹಿರಿಯರ ಆಚಾರ ಹೀಗೆ ಇನ್ನೊಂದು ವೇಷದಲ್ಲಿ ಮರಳಿತು.

ನಿಜವಾದ ಪರಿಹಾರ ಬಂದದ್ದು ಲೆಕ್ಕ ಬರೆಯುವವರ ಜ್ಞಾನದಿಂದ. ನಮ್ಮ ಅಂಗಡಿಯ ಸೆಟ್ಟರು ಏನು ಮಾಡುತ್ತಾರೆ? ವ್ಯಾಪಾರ ನಡೆದೊಡನೆ ಖಾತೆಯ ಪುಟವನ್ನು ಹುಡುಕುತ್ತ ಕೂರುವುದಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಕಿರ್ದಿಯಲ್ಲಿ ಒಂದು ಸಾಲು ಬರೆದಿಡುತ್ತಾರೆ. ಬಿಡುವಾದಾಗ ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯುತ್ತಾರೆ. ಖಾತೆ ಬರೆಯುವಾಗ ದೀಪ ಆರಿದರೂ ಭಯವಿಲ್ಲ. ಕಿರ್ದಿ ನೋಡಿ ಉಳಿದದ್ದನ್ನು ಮುಗಿಸಬಹುದು. ಕಿರ್ದಿಯ ಸಾಲೇ ಅರ್ಧಕ್ಕೆ ನಿಂತಿದ್ದರೆ ಆ ವ್ಯಾಪಾರ ನಡೆಯಲಿಲ್ಲವೆಂದೇ ತಿಳಿದು ಹೊಡೆದುಹಾಕಬಹುದು. ಅಣ್ಣತಮ್ಮಂದಿರ ಹೊಲ ಒಂದೋ ಅಣ್ಣನದು, ಇಲ್ಲವೆ ತಮ್ಮನದು, ತ್ರಿಶಂಕುವಾಗುವುದಿಲ್ಲ. ಈ ನೀತಿಯನ್ನು ದತ್ತಾಂಶ ಭಂಡಾರಗಳ ವಿಷಯದಲ್ಲಿ ಐಬಿಎಮ್ ಸಂಸ್ಥೆಯ ಜಿಮ್ ಗ್ರೇ ೧೯೭೮ರಲ್ಲಿ ಶಾಸ್ತ್ರೀಯವಾಗಿ ವಿವರಿಸಿದ್ದ. ೧೯೮೭ರಲ್ಲಿ ಜೆರಾಕ್ಸ್ ಸಂಸ್ಥೆಯ ರಾಬರ್ಟ್ ಹ್ಯಾಗ್‌ಮನ್ ಸೀಡರ್ ಎಂಬ ಕಡತವ್ಯವಸ್ಥೆಗೆ ಇದನ್ನು ಅಳವಡಿಸಿದ ಬಗೆಯನ್ನು ಪ್ರಕಟಿಸಿದ. ೧೯೯೦ರಲ್ಲಿ ಐಬಿಎಮ್‌ನವರ ಎಐಎಕ್ಸ್, ೧೯೯೩ರಲ್ಲಿ ವಿಂಡೋಸ್ ಎನ್‌ಟಿ, ೧೯೯೪ರಲ್ಲಿ ಸಿಲಿಕಾನ್ ಗ್ರಾಫಿಕ್ಸ್‌ನವರ ಎಕ್ಸ್‌ಎಫ್‌ಎಸ್ ಈ ದಾರಿ ಹಿಡಿದವು. ಇಂಗ್ಲಿಷಿನವರೂ ಇದಕ್ಕೆ ಇಟ್ಟ ಹೆಸರು ಕಿರ್ದಿಯೆಂದೇ ಅರ್ಥವಾಗುವ ‘ಜರ್ನಲ್’.

ಎಲ್ಲರೂ ನೋಡಿ ತಿದ್ದಬಹುದಾದ ಲಿನಕ್ಸ್ ವ್ಯವಸ್ಥೆಗೆ ಕಿರ್ದಿಯನ್ನು ತರುವ ಯೋಜನೆಯನ್ನು ಸ್ಟೀಫನ್ ಟ್ವೀಡಿ ೧೯೯೮ರಲ್ಲಿ ಮುಂದಿಟ್ಟ. ‘ಎಕ್ಸ್‌ಟ್೩’ ಎಂಬ ಆ ಕಡತವ್ಯವಸ್ಥೆ ಲಿನಕ್ಸಿನ ಮೂಲದೊಳಕ್ಕೆ ಸೇರಿದ್ದು ೨೦೦೧ರ ನವೆಂಬರ್ ತಿಂಗಳಲ್ಲಿ, ೨.೪.೧೫ ಎಂಬ ಆವೃತ್ತಿಯಲ್ಲಿ. ವಿಧಿಯ ಚೇಷ್ಟೆಯನ್ನು ನೋಡಿ. ಅದೇ ಆವೃತ್ತಿಯ ಇನ್ನೊಂದು ಮೂಲೆಯಲ್ಲಿ ಒಂದು ದೋಷ ನುಸುಳಿತ್ತು. ಯಂತ್ರವನ್ನು ಕ್ರಮವಾಗಿ ಮುಚ್ಚಿ ಕಡತವ್ಯವಸ್ಥೆಯನ್ನು ಇಳಿಸಿದರೆ ಆಗಲೇ ಅದು ಕೆಡುತ್ತಿತ್ತು! ಅರ್ಧಕ್ಕೆ ನಿಂತ ಕೆಲಸಕ್ಕೆ ಮದ್ದು ಬಂದ ದಿನವೇ ಪೂರ್ತಿ ಮುಗಿಸಿದ ಕೆಲಸಕ್ಕೆ ರೋಗ ತಗುಲಿತು. ಕೆಲವೇ ದಿನಗಳಲ್ಲಿ ೨.೪.೧೬ನ್ನು ಹೊರಡಿಸಿ ಅದನ್ನು ತಿದ್ದಿದರು. ಮೂಲ ಎಲ್ಲರ ಕಣ್ಣ ಮುಂದಿದ್ದುದರಿಂದ ತಿದ್ದುವುದಕ್ಕೂ ತಡವಾಗಲಿಲ್ಲ.

ಕಿರ್ದಿ ಬಂದಮೇಲೆ ಚಿಂತೆಯೆಲ್ಲ ಹೋಯಿತೆಂದು ತಿಳಿಯಬಾರದು. ಸಾಮಾನ್ಯವಾಗಿ ಕಿರ್ದಿ ಕಾಯುವುದು ವ್ಯವಸ್ಥೆಯ ಲೆಕ್ಕವನ್ನು. ನಿಮ್ಮ ಬರಹದ ಒಡಲನ್ನಲ್ಲ. ೨೦೦೮ರ ಕೊನೆಗೆ ಬಳಕೆಗೆ ಸಿದ್ಧವಾದ ‘ಎಕ್ಸ್‌ಟ್೪’ ವೇಗಕ್ಕಾಗಿ ಬರಹವನ್ನು ಇನ್ನಷ್ಟು ಹೊತ್ತು ನೆನಪಿನಲ್ಲೇ ಉಳಿಸಿಕೊಳ್ಳುತ್ತಿತ್ತು. ಯಂತ್ರ ಹಠಾತ್ತನೆ ನಿಂತಾಗ ಕೆಲವರ ಕಡತಗಳು ಹೆಸರು ಮಾತ್ರ ಉಳಿದು ಒಳಗೆ ಬರಿದಾದವು. ೨೦೦೯ರಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆದು, ಅದರ ಕರ್ತರಲ್ಲೊಬ್ಬನಾದ ಥಿಯೋಡರ್ ತ್ಸೋ ತಿದ್ದುಪಡಿಗಳನ್ನು ಮಾಡಬೇಕಾಯಿತು. ಸೆಟ್ಟರ ಪೆಟ್ಟಿಗೆ ಭದ್ರವಾಗಿತ್ತು. ಒಳಗೆ ಹಣ ಮಾತ್ರ ಇರಲಿಲ್ಲ.

ಇದೆಲ್ಲ ಕಡಲಾಚೆಯ ಪಂಡಿತರ ಮಾತೆಂದು ವಾಚಕರು ಬದಿಗಿಡಬೇಕಾಗಿಲ್ಲ. ಇದೇ ಕಾಲದಲ್ಲಿ ನಮ್ಮ ನಾಡಿನ ಕಡತ ಬಟ್ಟೆ, ಕಾಗದಗಳನ್ನು ದಾಟಿ ಡಿಸ್ಕಿನ ಮೇಲೆ ಬಂದಿತು. ೧೯೬೧ರ ಶಾಸನದಿಂದ ಶಾನುಭೋಗಿಕೆ ಹೋಗಿ ಗ್ರಾಮಲೆಕ್ಕಿಗರ ಕೈಗೆ ಬಂದಿದ್ದ ಪಹಣಿಗಳನ್ನು ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆ ಈ ಶತಮಾನದ ಮೊದಲ ವರ್ಷಗಳಲ್ಲಿ ಕಂಪ್ಯೂಟರಿಗೆ ಸೇರಿಸಿತು. ಸುಮಾರು ೬೭ ಲಕ್ಷ ರೈತರಿಗೆ ಸೇರಿದ ೨ ಕೋಟಿಯಷ್ಟು ದಾಖಲೆಗಳು. ೧೭೭ ತಾಲ್ಲೂಕುಗಳ ಕಛೇರಿಗಳಲ್ಲಿ ಕಿಟಕಿಗಳು. ನಮ್ಮ ಹೆಗ್ಗಡದೇವನಕೋಟೆಯೂ ನೆರೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳೂ ಅವುಗಳಲ್ಲಿ ಸೇರಿದ್ದವು. ೧೫ ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಕಾಡಂಚಿನ ಹಳ್ಳಿಯಿಂದ ಬಸ್ಸು ಹಿಡಿದು ಬಂದ ರೈತನ ಎರಡೆಕರೆಯ ಹಕ್ಕು ಈಗ ಒಂದು ಯಂತ್ರ ತನ್ನ ನೆನಪನ್ನು ಡಿಸ್ಕಿಗೆ ನಂಬಿಕೆಯಿಂದ ಇಳಿಸುವುದರ ಮೇಲೆ ನಿಂತಿತು. ಅಣ್ಣತಮ್ಮಂದಿರ ದೃಷ್ಟಾಂತ ಬರಿಯ ದೃಷ್ಟಾಂತವಾಗಿ ಉಳಿಯಲಿಲ್ಲ. ಇಂಥ ದಾಖಲೆಗಳನ್ನು ಹಿಡಿದಿಡುವ ದತ್ತಾಂಶ ಭಂಡಾರಗಳು ಮೊದಲು ಕಿರ್ದಿ, ಆಮೇಲೆ ಖಾತೆ ಎಂಬ ನೀತಿಯನ್ನು ಬಿಡದೆ ನಡೆಸುವುದು ಇದಕ್ಕಾಗಿಯೇ. ವಿದ್ಯುತ್ತು ಹೋದಾಗ ಯಂತ್ರಕ್ಕೆ ಕೆಲವು ನಿಮಿಷ ಉಸಿರು ಕೊಡುವ ಬ್ಯಾಟರಿಯ ಪೆಟ್ಟಿಗೆಯನ್ನು ಇಡುವುದೂ ಇದಕ್ಕಾಗಿಯೇ. ಆ ಕೆಲವು ನಿಮಿಷ ಮುಂದುವರಿದು ಕೆಲಸ ಮಾಡಲು ಅಲ್ಲ, ಮರ್ಯಾದೆಯಿಂದ ಮುಚ್ಚಲು.

ಇನ್ನು ಮುಚ್ಚಲೊಲ್ಲದ ಯಂತ್ರದ ಮಾತು. ಶಾಲೆಯ ಜವಾನ ಸಂಜೆ ಬೀಗ ಹಾಕುವ ಮುನ್ನ ಕೊಠಡಿಗಳನ್ನೆಲ್ಲ ಸುತ್ತಿ ನೋಡುತ್ತಾನೆ. ಒಳಗೆ ಒಬ್ಬ ಹುಡುಗ ಉಳಿದಿದ್ದರೂ ಬೀಗ ಹಾಕಲಾರ. ಕಡತವ್ಯವಸ್ಥೆಯೂ ಹಾಗೆಯೇ. ಯಾವುದೋ ಕಾರ್ಯಕ್ರಮ ಒಂದು ಕಡತವನ್ನು ತೆರೆದು ಹಿಡಿದಿದ್ದರೆ, ಅಥವಾ ಸುಮ್ಮನೆ ಆ ಕೊಠಡಿಯಲ್ಲಿ ನಿಂತಿದ್ದರೂ ಸಾಕು, ‘ಕೆಲಸದಲ್ಲಿದೆ’ ಎಂದು ಹೇಳಿ ಇಳಿಯದೆ ಕೂರುತ್ತದೆ. ೨೦೧೦ರಲ್ಲಿ ಹುಟ್ಟಿ ಬಹುಪಾಲು ಲಿನಕ್ಸುಗಳಿಗೆ ಮೇಸ್ತ್ರಿಯಾದ ‘ಸಿಸ್ಟಮ್‌ಡಿ’ ಒಳಗಿರುವವರಿಗೆ ಮೊದಲು ಹೊರಡಿರೆಂದು ಹೇಳಿ, ವಾಡಿಕೆಯಾಗಿ ೯೦ ಸೆಕೆಂಡು ಕಾಯುತ್ತದೆ. ಆಮೇಲೂ ಹೊರಡದವರನ್ನು ಬಲವಂತದಿಂದ ಎಬ್ಬಿಸುತ್ತದೆ. ತೆರೆಯ ಮೇಲೆ ಕಾಣುವ ಆ ತಡೆ ಈ ೯೦ ಸೆಕೆಂಡಿನದು. ಆದ್ದರಿಂದ ಮೊದಲ ಚಿಕಿತ್ಸೆ ಕಾಯುವುದು. ಎರಡನೆಯದು ಒಳಗಿರುವವರು ಯಾರೆಂದು ಕೇಳುವುದು. ‘ಫ್ಯೂಸರ್’, ‘ಎಲ್‌ಎಸ್‌ಓಎಫ್’ ಎಂಬ ಅಪ್ಪಣೆಗಳು ಅವರ ಹೆಸರನ್ನು ಹೇಳುತ್ತವೆ.

ಎಷ್ಟೋ ವೇಳೆ ತಪ್ಪಿರುವುದು ಕ್ರಮದಲ್ಲಿ. ದೂರದ ಯಂತ್ರದ ಡಿಸ್ಕನ್ನು ಜಾಲದ ಮೂಲಕ ಏರಿಸಿಕೊಂಡಿದ್ದು, ಮುಚ್ಚುವಾಗ ಜಾಲವನ್ನೇ ಮೊದಲು ಕಡಿದರೆ, ಕಪಿಲೆಯ ಆಚೆ ದಡದಲ್ಲಿ ಪೆಟ್ಟಿಗೆಯಿಟ್ಟು ಹರಿಗೋಲನ್ನು ಈಚೆಗೆ ಕಟ್ಟಿಹಾಕಿದಮೇಲೆ ಬೀಗ ಹಾಕಲು ಹೊರಟಂತೆ. ಅಂಥ ಡಿಸ್ಕು ಜಾಲವನ್ನು ಅವಲಂಬಿಸಿದೆಯೆಂದು ವ್ಯವಸ್ಥೆಗೆ ಮೊದಲೇ ತಿಳಿಸಿರಬೇಕು. ಡಬ್ಬಿಯೊಳಗೆ ಡಬ್ಬಿಯಿಟ್ಟಂತೆ ಒಂದರೊಳಗೊಂದು ಏರಿಸಿದವುಗಳಲ್ಲಿ ಒಳಗಿನದು ಮೊದಲು ಇಳಿಯಬೇಕು. ಎಲ್ಲಕ್ಕೂ ಬುಡವಾದ ಮೂಲವ್ಯವಸ್ಥೆಯ ಮೇಲೆ ಮುಚ್ಚುವವನೇ ಕುಳಿತಿರುವುದರಿಂದ, ಅದನ್ನು ‘ಓದಬಹುದು, ಬರೆಯಲಾಗದು’ ಎಂಬ ಸ್ಥಿತಿಗೆ ತಂದು ನಿಲ್ಲಿಸುವುದು ಹಳೆಯ ವಾಡಿಕೆ. ಈಗ ಕೆಲವೆಡೆ ಒಳನೆನಪಿನಲ್ಲಿ ಒಂದು ಪುಟ್ಟ ಜಗಲಿಯನ್ನು ಕಟ್ಟಿ, ಅದರ ಮೇಲೆ ಹಾರಿ ನಿಂತು ಬುಡವನ್ನೂ ಇಳಿಸುತ್ತಾರೆ.

ಕಾರಣವನ್ನು ಮಾರನೆಯ ದಿನ ಹುಡುಕಬೇಕಾದರೆ ಯಂತ್ರದ ದಿನಚರಿಯನ್ನು ತೆರೆದು ಹಿಂದಿನ ಸಲದ ಕೊನೆಯ ಪುಟವನ್ನು ನೋಡಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು: ದಿನಚರಿಯನ್ನು ಇಟ್ಟಿರುವ ಕಡತವ್ಯವಸ್ಥೆಯೂ ಇಳಿದುಹೋದಮೇಲೆ ಬರೆಯುವವರಾರು? ಕಡೆಯ ಕೆಲವು ಕ್ಷಣಗಳ ಸಂಗತಿ ದಿನಚರಿಗೆ ಸೇರುವುದಿಲ್ಲ. ಅದನ್ನು ತೆರೆಯ ಮೇಲೆಯೇ ಓದಿಕೊಳ್ಳಬೇಕು. ಸೋಮಾರಿ ಅನ್‌ಮೌಂಟ್ ಎಂದೊಂದು ಉಪಾಯವಿದೆ. ಅದು ಹೆಸರನ್ನು ಮಾತ್ರ ಕಳಚಿ, ಒಳಗಿನವರನ್ನು ಒಳಗೇ ಬಿಡುತ್ತದೆ. ಮುಗಿಯಿತೆಂಬ ಭ್ರಾಂತಿಯನ್ನು ಹುಟ್ಟಿಸುವುದರಿಂದ ಅದನ್ನು ನೆಚ್ಚಬಾರದು. ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಲಿನಕ್ಸನ್ನೂ ಇಟ್ಟವರು ಇನ್ನೊಂದನ್ನು ನೆನಪಿಡಬೇಕು. ೨೦೧೨ರ ವಿಂಡೋಸ್ ೮ರಿಂದೀಚೆಗೆ ಬೇಗ ಏಳುವುದಕ್ಕಾಗಿ ಯಂತ್ರ ಪೂರ್ತಿ ಮುಚ್ಚದೆ ಅರೆನಿದ್ದೆಗೆ ಹೋಗುವ ಏರ್ಪಾಡುಂಟು. ಆ ಡಿಸ್ಕು ಶುದ್ಧವಾಗಿ ಇಳಿದಿಲ್ಲವೆಂದು ಲಿನಕ್ಸ್ ಅದರ ಮೇಲೆ ಬರೆಯಲು ಒಪ್ಪದಿದ್ದರೆ, ತಪ್ಪು ಲಿನಕ್ಸಿನದಲ್ಲ.

ಏನೂ ಸಾಗದೆ ಗುಂಡಿಯನ್ನೇ ಒತ್ತಬೇಕಾಗಿ ಬಂದರೆ? ಅದಕ್ಕೂ ಮುನ್ನ ಲಿನಕ್ಸಿನಲ್ಲಿ ಒಂದು ಮೆಟ್ಟಿಲುಂಟು. ಆ ಏರ್ಪಾಡಿಗೆ ವ್ಯವಸ್ಥೆಯ ಒಪ್ಪಿಗೆಯಿದ್ದರೆ, ಆಲ್ಟ್ ಮತ್ತು ಸಿಸ್‌ರೆಕ್ಯು ಕೀಲಿಗಳನ್ನು ಹಿಡಿದು ಎಸ್, ಯು, ಬಿ ಅಕ್ಷರಗಳನ್ನು ನಿಧಾನವಾಗಿ ಒಂದಾದಮೇಲೊಂದು ಒತ್ತುವುದು. ಎಸ್ ನೆನಪನ್ನು ಇಳಿಸುತ್ತದೆ, ಯು ಬರೆಯುವುದನ್ನು ನಿಲ್ಲಿಸುತ್ತದೆ, ಬಿ ಯಂತ್ರವನ್ನು ಮತ್ತೆ ಎಬ್ಬಿಸುತ್ತದೆ. ಆಮೇಲೆ ಎದ್ದ ಯಂತ್ರ ಕಿರ್ದಿಯನ್ನು ಓದಿ ಸರಿಪಡಿಸಿಕೊಂಡರೆ ಅದು ರೋಗವಲ್ಲ, ಆರೋಗ್ಯದ ಲಕ್ಷಣ. ದಿನವೂ ಹಾಗಾಗುತ್ತಿದ್ದರೆ ಮಾತ್ರ ಡಿಸ್ಕೇ ಸವೆದಿರಬಹುದು; ಪ್ರತಿಯನ್ನು ಬೇರೆಡೆ ತೆಗೆದಿಟ್ಟು ಪರೀಕ್ಷೆ ಮಾಡಿಸಬೇಕು. ಮಕ್ಕಳ ಪಟಗಳನ್ನು ತುಂಬಿಕೊಂಡ ಪೆನ್‌ಡ್ರೈವನ್ನು ಕೀಳುವ ಮುನ್ನವೂ ಇದೇ ನಿಯಮ: ಇಳಿಸಿರೆಂದು ಹೇಳಿ, ಇಳಿಯಿತೆಂಬ ಉತ್ತರ ಬಂದಮೇಲೆ ಕೀಳಿ.

ಈ ಐವತ್ತು ವರ್ಷಗಳ ಚರಿತ್ರೆಯಲ್ಲಿ ಯಂತ್ರಗಳು ಲಕ್ಷ ಪಟ್ಟು ಚುರುಕಾದವು. ಆದರೆ ಹೇಳಿದ್ದೂ ಬರೆದದ್ದೂ ಒಂದೇ ಕ್ಷಣದಲ್ಲಿ ಆಗುವುದಿಲ್ಲವೆಂಬ ಸಂಗತಿ ಬದಲಾಗಲಿಲ್ಲ. ಆ ಎರಡರ ನಡುವಣ ಬಿರುಕನ್ನು ಜಾಣರು ಕಿರಿದು ಮಾಡಿದ್ದಾರೆ, ಮುಚ್ಚಿಲ್ಲ. ಯಂತ್ರ ತಾಳಿ ಎಂದಾಗ ಅದು ಹಟ ಮಾಡುತ್ತಿಲ್ಲ. ನಿಮ್ಮದೇ ಬರಹವನ್ನು ಇಳಿಸುತ್ತಿದೆ. ರೇಡಿಯೋದ ಗುಂಡಿಯನ್ನು ಬೇಕೆಂದಾಗ ತಿರುಗಿಸಿ, ಅದಕ್ಕೆ ಅಡ್ಡಿಯಿಲ್ಲ. ಕಡತವನ್ನು ಮಾತ್ರ ಅದು ಮುಚ್ಚಿಕೊಳ್ಳುವ ತನಕ ಮುಚ್ಚಗೊಡಿ.